ಉಣ್ಣೆಯ ಮಾತ್ರೆ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತು ಕೂತು ವಿಚಾರಣೆಯವರಿಗೆ ಒಂದು ಕಾಯಿಲೆ ಅಂಟಿಕೊಂಡಿತ್ತು. ಯಾರು ಏನು ಕೇಳಿದರೂ ತಟ್ಟನೆ ಉತ್ತರ ಹೇಳಿಬಿಡುವ ಕಾಯಿಲೆ. ಅವರು ಹೇಳಿದ ಹೊತ್ತಿಗೆ ಬಸ್ಸು ಬರದೇ ಇದ್ದ ಉದಾಹರಣೆ ಬೇಕಾದಷ್ಟಿವೆ, ಉತ್ತರ ಬರದೇ ಇದ್ದ ಉದಾಹರಣೆ ಒಂದೂ ಇಲ್ಲ. ಕಿಟಕಿಯ ಮುಂದೆ ನಿಂತವನಿಗೆ ಬೇಕಾದದ್ದು ಉತ್ತರವೇ ಹೊರತು ಬಸ್ಸಲ್ಲ, ಅದನ್ನು ತೆಗೆದುಕೊಂಡು ಅವನು ಬೆಂಚಿನ ಮೇಲೆ ನೆಮ್ಮದಿಯಾಗಿ ಕೂರುತ್ತಾನೆ ಎಂಬುದು ಅವರ ಸಿದ್ಧಾಂತ. ಬಸ್ಸಿನವರ ಸಂಬಳ ತಿಂದು ದಿನವಿಡೀ ರೈಲು ಬಿಡುವ ಗಂಡ ತನ್ನೊಬ್ಬಳಿಗೇ ಸಿಕ್ಕಿದ್ದು ಎಂಬುದು ಅವರ ಹೆಂಡತಿಯ ಸಿದ್ಧಾಂತ.

ಆ ಕಿಟಕಿಯ ಕೆಳಗೆ ಒಂದು ನಾಯಿ ಮಲಗುತ್ತಿತ್ತು. ಚಹಾದ ಬಣ್ಣ, ಒಂದು ಕಿವಿ ನಿಂತದ್ದು, ಇನ್ನೊಂದು ಮಲಗಿದ್ದು. ಒಂದು ಸಂಜೆ ಅದು ವಿಚಾರಣೆಯವರ ಹಿಂದೆಯೇ ಬಸ್ಸು ಹತ್ತಿ, ಸೀಟಿನ ಕೆಳಗೆ ಮುದುಡಿ ಕೂತು, ಅವರ ಸ್ಟಾಪಿನಲ್ಲೇ ಇಳಿಯಿತು. ಬಾಗಿಲು ತೆಗೆದ ಹೆಂಡತಿ ಮೊದಲು ಮೂಗು ಮುರಿದಳು, ಆಮೇಲೆ ಹಾಲು ಹಾಕಿದಳು, ಕೊನೆಗೆ ಟಿಕೆಟ್ಟಿಲ್ಲದೆ ಬಂದವನೆಂದು ಟಿಕೆಟ್ ಎಂದೇ ಹೆಸರಿಟ್ಟಳು. ಮಕ್ಕಳಿಲ್ಲದ ಮನೆ. ಗಂಡ ಕೆಮ್ಮಿದರೆ ತಿರುಗಿ ನೋಡದ ಆಕೆ ಟಿಕೆಟ್ ಸೀನಿದರೆ ಒಲೆ ಆರಿಸಿ ಓಡಿಬರುವಷ್ಟರ ಮಟ್ಟಿಗೆ ಅದು ಆ ಮನೆಯದಾಯಿತು.

ತೊಂದರೆ ಶುರುವಾದದ್ದು ಬಾಡಿಗೆಯ ಹೊಸ ಮನೆಗೆ ಬಂದ ದಿನ. ಅದೊಂದು ದೊಡ್ಡ ಕಟ್ಟಡ. ಅಲ್ಲಿಯ ನಿವಾಸಿಗಳ ಸಂಘಕ್ಕೆ ಒಬ್ಬರು ಅಧ್ಯಕ್ಷರಿದ್ದರು. ಅವರದು ಬಣ್ಣದ ಅಂಗಡಿ. ಬಣ್ಣಕ್ಕೇನೂ ಬರವಿರಲಿಲ್ಲವಾದ್ದರಿಂದ ಕಟ್ಟಡದ ತುಂಬ ಬೋರ್ಡುಗಳಿದ್ದವು. ಉಗುಳಬೇಡಿ, ಒರಗಬೇಡಿ, ಮೆಟ್ಟಿಲ ಮೇಲೆ ಕೂತು ಮಾತಾಡಬೇಡಿ. ಲಿಫ್ಟಿನ ಪಕ್ಕದ ಬೋರ್ಡು ಎಲ್ಲಕ್ಕಿಂತ ದೊಡ್ಡದು: ಬೀದಿ ನಾಯಿಗಳನ್ನು ಸಾಕುವಂತಿಲ್ಲ, ಉತ್ತಮ ತಳಿಯ ನಾಯಿಗಳಿಗೆ ಮಾತ್ರ ಅವಕಾಶ. ಆ ಬೋರ್ಡಿನ ಕೆಳಗೇ ಅಧ್ಯಕ್ಷರು ನಿಂತಿದ್ದರು. ಅವರ ಪಕ್ಕದಲ್ಲಿ ಅವರ ಹೆಂಡತಿ, ಆಕೆಯ ತೋಳಿನಲ್ಲಿ ಮುತ್ತು ಎಂಬ ಬಿಳಿಯ ಪೊಮೇರಿಯನ್ ನಾಯಿ.

ಸಾಮಾನಿನ ಗಾಡಿಯಿಂದ ಟಿಕೆಟ್ ಕೆಳಗೆ ಹಾರಿದ್ದನ್ನು ನೋಡಿ ಅಧ್ಯಕ್ಷರು ಹುಬ್ಬೇರಿಸಿದರು. "ಇದು ಯಾವ ತಳಿ ಸಾರ್?" ಎಂದರು.

ಅದೇ ಹೊತ್ತಿಗೆ ಗೇಟಿನ ಬಳಿ ಒಬ್ಬ ಹಿರಿಯ ಹೆಂಗಸು ಉದ್ದ ಕೂದಲಿನ, ಉದ್ದ ಮೂತಿಯ ಭಾರೀ ನಾಯಿಯೊಂದನ್ನು ಹಿಡಿದು ಹೋಗುತ್ತಿದ್ದರು. ಅವರು ನಿವೃತ್ತ ಹೆಡ್‌ಮೇಡಂ, ಆ ನಾಯಿ ಡ್ಯೂಕ್, ಅದು ಕೋಲಿ ಎಂಬ ಬಹಳ ಒಳ್ಳೆಯ ತಳಿಯದು ಎಂದು ಕಾವಲುಗಾರ ಆಗತಾನೇ ವಿಚಾರಣೆಯವರಿಗೆ ತಿಳಿಸಿದ್ದ. ಕಿಟಕಿಯ ಕಾಯಿಲೆ ಎದ್ದುಬಿಟ್ಟಿತು.

"ಕೋಲಿ" ಎಂದರು ವಿಚಾರಣೆಯವರು.

ಅಧ್ಯಕ್ಷರು ಡ್ಯೂಕ್‌ನತ್ತ ನೋಡಿದರು, ಟಿಕೆಟ್‌ನತ್ತ ನೋಡಿದರು. ಎರಡೂ ಕೋಲಿಯಾದರೆ ಇದಕ್ಕೆ ಕೂದಲೆಲ್ಲಿ ಎಂದು ಕೇಳಿದರು. ಅದು ಸ್ಲೀಪರ್ ಕೋಚ್, ಹಾಸಿಗೆ ಹೊದಿಕೆ ಎಲ್ಲ ಜೊತೆಗೇ ಇರುತ್ತೆ, ಇದು ಆರ್ಡಿನರಿ, ರೂಟು ಮಾತ್ರ ಒಂದೇ ಎಂದು ವಿಚಾರಣೆಯವರು ವಿವರಿಸಿದರು. ಅಧ್ಯಕ್ಷರ ಹುಬ್ಬು ಇಳಿಯದಿದ್ದುದನ್ನು ಕಂಡು, ಈ ಜಾತಿಯ ಕೋಲಿಗೆ ಕೂದಲು ಸ್ವಲ್ಪ ತಡವಾಗಿ ಬರುತ್ತದೆ ಎಂದೂ ಸೇರಿಸಿದರು. "ಹೊರಟಿದೆ ಸಾರ್. ದಾರಿಯಲ್ಲಿದೆ."

ಅಂದಿನಿಂದ ಅಧ್ಯಕ್ಷರು ಕಂಡಾಗಲೆಲ್ಲ ಕೂದಲು ಬಂತೇ ಎಂದು ವಿಚಾರಿಸುವುದು, ದಾರಿಯಲ್ಲಿದೆ ಎಂದು ಇವರು ಹೇಳುವುದು ಒಂದು ಪದ್ಧತಿಯಾಯಿತು. ಪದ್ಧತಿಯೇನೋ ಸರಿ, ಆದರೆ ಅಧ್ಯಕ್ಷರು ತಾಳ್ಮೆಗೆ ಹೆಸರಾದವರಲ್ಲ. ಮುಂದಿನ ಸಭೆಯ ಹೊತ್ತಿಗೂ ಕೂದಲು ತಲುಪದಿದ್ದರೆ ನಾಯಿಯನ್ನು ಕಳಿಸಿಬಿಡಬೇಕಾಗುತ್ತದೆ ಎಂದು ಒಂದು ದಿನ ಹೇಳಿಯೇಬಿಟ್ಟರು. ಅಂದು ಹೆಂಡತಿ ಊಟ ಬಡಿಸಲಿಲ್ಲ. ಪಾತ್ರೆಯನ್ನು ಮುಂದಿಟ್ಟು, "ಅದು ಹೋದ್ರೆ ನಾನೂ ಅದರ ಜೊತೆ ಬಸ್ ಸ್ಟ್ಯಾಂಡಿಗೇ ಬರ್ತೀನಿ, ನಿಮ್ಮ ಕಿಟಕಿ ಕೆಳಗೇ ಇರ್ತೀನಿ" ಎಂದಳು. ಅದು ತಮಾಷೆಯ ಮಾತಲ್ಲ ಎಂದು ವಿಚಾರಣೆಯವರಿಗೆ ಗೊತ್ತಾಯಿತು.

ಇನ್ನೊಂದು ಚಿಂತೆ ಹೆಡ್‌ಮೇಡಂ. ನಿಜವಾದ ಕೋಲಿ ಸಾಕಿದವರ ಕಣ್ಣಿಗೆ ಸುಳ್ಳು ಕೋಲಿ ಬಿದ್ದರೆ ಗತಿಯೇನು? ಹಾಗಾಗಿ ಅವರು ಗೇಟಿನ ಕಡೆ ಬಂದರೆ ಇವರು ನೀರಿನ ಟ್ಯಾಂಕಿನ ಹಿಂದೆ ಮರೆಯಾಗುತ್ತಿದ್ದರು. ವಿಚಿತ್ರವೆಂದರೆ ಇವರನ್ನು ಕಂಡರೆ ಹೆಡ್‌ಮೇಡಂ ಕೂಡ ಡ್ಯೂಕ್‌ನನ್ನು ಎಳೆದುಕೊಂಡು ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದರು. ದೊಡ್ಡ ತಳಿಯವರಿಗೆ ದೊಡ್ಡ ಜಂಬ ಎಂದು ವಿಚಾರಣೆಯವರು ಹೆಂಡತಿಯೆದುರು ಮೂದಲಿಸಿ, ಒಳಗೊಳಗೇ ಸದ್ಯ ಬದುಕಿದೆನಪ್ಪಾ ಎಂದುಕೊಳ್ಳುತ್ತಿದ್ದರು.

ಹೀಗಿರುವಾಗ ಟಿಕೆಟ್‌ಗೆ ಉಣ್ಣೆ ಆಯಿತು.

ನಮ್ಮ ಭಾಷೆ ಬಹಳ ಮಿತವ್ಯಯದ್ದು. ಕುರಿಯ ಮೈಮೇಲೆ ಬೆಳೆದು ನಮಗೆ ಸ್ವೆಟರ್ ಆಗುವುದಕ್ಕೂ ಉಣ್ಣೆ ಎನ್ನುತ್ತೇವೆ, ನಾಯಿಯ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳಕ್ಕೂ ಉಣ್ಣೆ ಎನ್ನುತ್ತೇವೆ. ಈ ಉಳಿತಾಯದಿಂದ ಯಾರಿಗೂ ಇದುವರೆಗೆ ನಷ್ಟವಾಗಿರಲಿಲ್ಲ. ಆದರೆ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತ ವಿಚಾರಣೆಯವರ ಹೆಂಡತಿ ಅಧ್ಯಕ್ಷರ ಹೆಂಡತಿಗೆ ಒಂದು ಮಾತು ಹೇಳಿದಳು: "ಟಿಕೆಟ್‌ಗೆ ಮೈಯೆಲ್ಲ ಉಣ್ಣೆ ಆಗ್ಬಿಟ್ಟಿದೆ ಅಕ್ಕಾ. ಕಿವಿ ಒಳಗೂ ಉಣ್ಣೆ." ಅಧ್ಯಕ್ಷರ ಹೆಂಡತಿ ಹೆಣಿಗೆಯ ಕಡ್ಡಿ ಕೆಳಗಿಡದ ಹೆಂಗಸು. ಉಣ್ಣೆ ಎಂದೊಡನೆ ಆಕೆಗೆ ತೋಚುವುದು ಒಂದೇ ಉಣ್ಣೆ. ಆಕೆ ಬಟ್ಟೆಯ ಬಕೆಟ್ಟು ಅಲ್ಲೇ ಬಿಟ್ಟು ಕೆಳಗೆ ಹೋಗಿ, ಆ ಕೋಲಿಗೆ ಕೊನೆಗೂ ಬಂತಂತೆ ಎಂದು ಗಂಡನಿಗೆ ವರದಿ ಒಪ್ಪಿಸಿದಳು. ಮಧ್ಯಾಹ್ನದೊಳಗೆ ಸುದ್ದಿ ಕಟ್ಟಡದ ತುಂಬ ಟಾಂ ಟಾಂ ಆಯಿತು.

ಮಾರನೆಯ ಬೆಳಿಗ್ಗೆ ಲಿಫ್ಟಿನ ಬಳಿ ಅಧ್ಯಕ್ಷರು ವಿಚಾರಣೆಯವರ ಕೈ ಕುಲುಕಿದರು. ಉಣ್ಣೆ ಬಂದದ್ದು ಕೇಳಿ ಬಹಳ ಸಂತೋಷವಾಯಿತು ಎಂದರು. ನಾಯಿಗೆ ಹುಳ ಹತ್ತಿದ್ದಕ್ಕೆ ಕೈ ಕುಲುಕುವ ಮನುಷ್ಯನನ್ನು ವಿಚಾರಣೆಯವರು ಅದೇ ಮೊದಲು ನೋಡಿದ್ದು. ಆದರೂ ಬಾಯಿ ಸುಮ್ಮನಿರುತ್ತದೆಯೇ?

"ಹೌದು ಸಾರ್, ಚೆನ್ನಾಗಿ ಬಂದಿದೆ. ಕಿತ್ತಷ್ಟೂ ಬರ್ತಿದೆ."

"ಕೀಳ್ತೀರಾ?"

"ದಿನಾ ಕೀಳ್ತೀವಿ. ಕಿತ್ತು ಸೀಮೆಎಣ್ಣೆಗೆ ಹಾಕ್ತೀವಿ."

ಶುದ್ಧ ಮಾಡುವ ವಿಧಾನವಿರಬೇಕು ಎಂದು ಅಧ್ಯಕ್ಷರು ತಲೆಯಾಡಿಸಿದರು. ಒಂದು ಮಫ್ಲರಿಗೆ ಆಗುವಷ್ಟು ಸೇರಿದಾಗ ತಮ್ಮ ಮನೆಯವರಿಗೆ ಕೊಟ್ಟರೆ ಹೆಣೆದುಕೊಡುತ್ತಾರೆ, ತಮಗೆ ಚಳಿಗೆ ಕತ್ತು ಹಿಡಿಯುತ್ತದೆ ಎಂದರು. ಆಗಲಿ ಸಾರ್ ಎಂದು ವಿಚಾರಣೆಯವರು ಬಸ್ಸು ಹತ್ತಿದರು. ಉಣ್ಣೆಹುಳಗಳನ್ನು ಕತ್ತಿಗೆ ಸುತ್ತಿಕೊಂಡರೆ ಕತ್ತು ನೋವು ಹೇಗೆ ಹೋಗುತ್ತದೆ ಎಂದು ಯೋಚಿಸುತ್ತ ನಿಲ್ದಾಣದವರೆಗೂ ಹೋದರು. ಶ್ರೀಮಂತರ ವೈದ್ಯವೇ ಬೇರೆ ಎಂಬ ತೀರ್ಮಾನಕ್ಕೆ ಬಂದ ಮೇಲೆ ಅವರಿಗೆ ಸಮಾಧಾನವಾಯಿತು.

ಇತ್ತ ಹೆಂಡತಿ ಟಿಕೆಟ್‌ನನ್ನು ಪಕ್ಕದ ರಸ್ತೆಯ ನಾಯಿ ಡಾಕ್ಟರ ಹತ್ತಿರ ಕರೆದೊಯ್ದಳು. ಗಂಡನ ಕಾಯಿಲೆ ಆಕೆಗೆ ಅಂಟಿರಲಿಲ್ಲವಾದ್ದರಿಂದ ಬೀದಿ ನಾಯಿ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವರು ಒಂದು ಮಾತ್ರೆ ಬರೆದುಕೊಟ್ಟು, ಭಾನುವಾರ ಊಟದ ಜೊತೆ ಕೊಡುವಂತೆ ಹೇಳಿದರು. ನಾಯಿಯನ್ನು ಮನೆಯಲ್ಲಿ ಬಿಟ್ಟು, ಮೂಲೆಯ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು ಬರುವಾಗ ಗೇಟಿನಲ್ಲಿ ಹೆಡ್‌ಮೇಡಂ ಎದುರಾದರು. ಅಂದು ಅವರು ರಸ್ತೆ ದಾಟಲಿಲ್ಲ. ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ, ಉಣ್ಣೆಗೆ ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ಆಕೆ ಪೊಟ್ಟಣ ತೋರಿಸಿದಳು. ಹೆಡ್‌ಮೇಡಂ ಅದರ ಮೇಲಿನ ಹೆಸರನ್ನು ಎರಡೆರಡು ಸಲ ಓದಿ ಬಾಯಿಪಾಠ ಮಾಡಿಕೊಂಡು ಸರಸರನೆ ಔಷಧಿ ಅಂಗಡಿಯತ್ತ ನಡೆದರು.

ಕಾರಣ ಇಷ್ಟೇ. ಡ್ಯೂಕ್‌ನ ಕೂದಲು ಕೆಲವು ದಿನಗಳಿಂದ ಉದುರುತ್ತಿತ್ತು. ಸೊಂಟದ ಮೇಲೆ ಚರ್ಮ ಕಾಣುತ್ತಿತ್ತು. ಬೋಳಾಗಿದ್ದ ನಾಯಿಗೇ ಉಣ್ಣೆ ಬರಿಸಿದ ಮಾತ್ರೆ ತಮ್ಮ ನಾಯಿಯದನ್ನು ಉಳಿಸದೇ ಇರುತ್ತದೆಯೇ ಎಂದು ಅವರು ಲೆಕ್ಕ ಹಾಕಿದ್ದರು. ನಾಯಿಯ ಉಣ್ಣೆಗೆ ಮಾತ್ರೆ ಎಂದು ಕೇಳಿದಾಗ ಅಂಗಡಿಯವರು ಮರುಮಾತಾಡದೆ ಕೊಟ್ಟರು. ಅವರಿಗೆ ಗೊತ್ತಿದ್ದದ್ದು ಇನ್ನೊಂದು ಉಣ್ಣೆ.

ಭಾನುವಾರ ಮಧ್ಯಾಹ್ನ ಊಟ ಮುಗಿದಿತ್ತು. ಹೆಂಡತಿ ಬ್ರೆಡ್ಡಿನ ತುಂಡಿನಲ್ಲಿ ಮಾತ್ರೆ ಮುಚ್ಚಿ ಟಿಕೆಟ್‌ಗೆ ತಿನ್ನಿಸಿದ್ದಳು. ವಿಚಾರಣೆಯವರು ಆರಾಮಕುರ್ಚಿಯಲ್ಲಿ ಕೂತು, ಮಾತ್ರೆಯ ಪೊಟ್ಟಣದೊಳಗೆ ಮಡಿಸಿಟ್ಟಿದ್ದ ಕಾಗದವನ್ನು ಬಿಚ್ಚಿದರು. ಸಣ್ಣ ಅಕ್ಷರದಲ್ಲಿ ಅಚ್ಚಾದದ್ದು ಯಾವುದಿದ್ದರೂ ಅವರಿಗೆ ವೇಳಾಪಟ್ಟಿಯಂತೆ ಕಂಡು ಓದುವ ಆಸೆಯಾಗುತ್ತಿತ್ತು. ಓದುತ್ತ ಓದುತ್ತ ಒಂದು ಸಾಲಿಗೆ ಬಂದು ನಿಂತರು. ಕೋಲಿ ತಳಿಯ ನಾಯಿಗಳಲ್ಲಿ ಈ ಔಷಧಿಯಿಂದ ಗಂಭೀರವಾದ ಅಡ್ಡ ಪರಿಣಾಮಗಳು ವರದಿಯಾಗಿವೆ ಎಂದು ಅಲ್ಲಿತ್ತು. ಜೊಲ್ಲು ಸುರಿಯುವುದು, ತೂರಾಡುವುದು, ಕಣ್ಣು ಕಾಣದಿರುವುದು, ಎಚ್ಚರ ತಪ್ಪುವುದು, ಕೆಲವೊಮ್ಮೆ ಸಾವು.

ಟಿಕೆಟ್ ಎಲ್ಲಿದೆ ಎಂದು ಕೂಗಿದರು.

"ಅಡ್ಡಾಗಿದೆ ಕಣ್ರೀ" ಎಂದಳು ಹೆಂಡತಿ ಅಡುಗೆಮನೆಯಿಂದ.

ಊಟವಾದ ಮೇಲೆ ಯಾವ ಪ್ರಾಣಿಯಾದರೂ ಸ್ವಲ್ಪ ಅಡ್ಡಾಗುತ್ತದೆ. ಆದರೆ ಅಡ್ಡ ಪರಿಣಾಮದ ಕಾಗದ ಕೈಯಲ್ಲಿರುವವನಿಗೆ ಆ ಮಾತು ಕೇಳುವ ರೀತಿಯೇ ಬೇರೆ. ಅವರು ಓಡಿಹೋಗಿ ಟಿಕೆಟ್‌ನ ಪಕ್ಕ ಮಂಡಿಯೂರಿದರು. ಬಾಯಲ್ಲಿ ಜೊಲ್ಲು ಇತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ಹೆಸರು ಹಿಡಿದು ಕರೆದರೂ ಏಳಲಿಲ್ಲ. ಹಿಡಿದೆತ್ತಿ ನಿಲ್ಲಿಸಿದರೆ ನಿದ್ದೆಗಣ್ಣಿನಲ್ಲಿ ತೂರಾಡಿ ಮತ್ತೆ ಬಿತ್ತು. ವರದಿಯಾದದ್ದೆಲ್ಲ ವರದಿಯಾದ ಕ್ರಮದಲ್ಲೇ ಆಗುತ್ತಿತ್ತು. ವಿಚಾರಣೆಯವರು ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಕೈಯಾರೆ ಕೊಂದೆವಲ್ಲ ಎಂದು ಗೋಳಾಡತೊಡಗಿದರು. ಕೋಲಿಗೆ ಕೊಡಬಾರದಂತೆ, ಇಲ್ಲಿ ಬರೆದಿದೆ ಎಂದು ಕಾಗದವನ್ನು ಹೆಂಡತಿಯ ಮುಖಕ್ಕೆ ಹಿಡಿದರು.

ಹೆಂಡತಿ ಕೈ ಒರೆಸಿಕೊಂಡು ಅವರನ್ನೇ ನೋಡಿದಳು. "ರೀ, ಇದು ಕೋಲಿ ಯಾವಾಗ ಆಯ್ತು?"

ವಿಚಾರಣೆಯವರು ಬೆಪ್ಪಾದರು. ಹೇಳಿ ಹೇಳಿ ತಮ್ಮ ಬಸ್ಸಿಗೆ ತಾವೇ ಹತ್ತಿ ಕೂತುಬಿಟ್ಟಿದ್ದರು. ನಿದ್ದೆ ಕೆಟ್ಟ ಟಿಕೆಟ್ ಎದ್ದು ಮೈ ಕೊಡವಿ, ಇವರ ಕಡೆ ಒಂದು ಬೇಸರದ ನೋಟ ಬೀರಿ, ಮಂಚದ ಕೆಳಗೆ ಹೋಗಿ ಮಲಗಿತು. ಗಂಡ ಹೆಂಡತಿ ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಅಂಥ ನಗು ಕೇಳಿದ್ದು. ನಗುತ್ತ ನಗುತ್ತಲೇ ಹೆಂಡತಿ ಹೇಳಿದಳು, ಹೆಡ್‌ಮೇಡಂ ಕೂಡ ಇದೇ ಮಾತ್ರೆ ತಂದಿದ್ದಾರೆ, ಬೆಳಿಗ್ಗೆ ಸಿಕ್ಕಾಗ ಹೇಳಿದರು, ಇವತ್ತೇ ಕೊಡುತ್ತಾರಂತೆ. ಡ್ಯೂಕ್‌ಗೂ ಉಣ್ಣೆ ಬೇಕಂತೆ. ಬೇಕು ಅಂದದ್ದು ಯಾಕೆ ಅಂತ ತನಗೆ ತಿಳಿಯಲಿಲ್ಲ ಎಂದಳು.

ವಿಚಾರಣೆಯವರ ನಗು ಅಲ್ಲೇ ನಿಂತಿತು. ಟಿಕೆಟ್ ಕೋಲಿಯಲ್ಲ. ಡ್ಯೂಕ್ ಕೋಲಿ.

ಚಪ್ಪಲಿ ಮೆಟ್ಟಿ ಬಾಗಿಲು ತೆಗೆದವರು ಹೊಸ್ತಿಲ ಮೇಲೆ ತಡೆದು ನಿಂತರು. ನಿಮ್ಮ ನಾಯಿಗೆ ಏನೂ ಆಗಲಿಲ್ಲವಲ್ಲ ಎಂದು ಹೆಡ್‌ಮೇಡಂ ಕೇಳಿದರೆ ನಿಜ ಹೇಳಬೇಕಾಗುತ್ತದೆ. ನಿಜ ಹೇಳಿದರೆ ಟಿಕೆಟ್ ಬೀದಿಗೆ. ಹೇಳದಿದ್ದರೆ ಡ್ಯೂಕ್ ಮಣ್ಣಿಗೆ. ಹಿಂದೆ ತಿರುಗಿ ಹೆಂಡತಿಯ ಮುಖ ನೋಡಿದರು. ಆಕೆಗೂ ಅದು ಹೊಳೆದಿತ್ತು. ಕಣ್ಣು ತುಂಬಿಕೊಂಡು, "ಹೋಗಿ" ಎಂದಳು. ವಿಚಾರಣೆಯವರು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಓಡಿದರು.

ಹೆಡ್‌ಮೇಡಂ ಬಾಗಿಲನ್ನು ಸರಪಳಿಯಷ್ಟು ಮಾತ್ರ ತೆರೆದರು. ವಿಚಾರಣೆಯವರನ್ನು ಕಂಡೊಡನೆ ಅವರ ಮುಖ ಕಪ್ಪಿಟ್ಟಿತು, ಡ್ಯೂಕ್ ಕಾಣದಂತೆ ಸೀರೆಯ ಸೆರಗನ್ನು ಹರಡಿ ನಿಂತರು. ಏದುಸಿರು ಬಿಡುತ್ತ ಇವರು ಆ ಮಾತ್ರೆ ಕೊಡಬೇಡಿ, ಕೋಲಿಗೆ ಆಗುವುದಿಲ್ಲ ಎಂದರು.

"ನಿಮ್ಮ ಕೋಲಿಗೆ ಆಯ್ತಲ್ಲ?" ಎಂದರು ಹೆಡ್‌ಮೇಡಂ.

ಮೂವತ್ತು ವರ್ಷ ಪಾಠ ಹೇಳಿದ ದನಿ ಅದು, ನೇರ ಗಾಯಕ್ಕೇ ಕೈ ಹಾಕಿತು. ವಿಚಾರಣೆಯವರು ತಮ್ಮದು ಬೇರೆ ಕೋಲಿ ಎಂದರು, ವಯಸ್ಸಿನ ವ್ಯತ್ಯಾಸವಿದೆ ಎಂದರು, ಬಿಸಿಲಿನಲ್ಲಿ ಕೊಡಬಾರದೆಂದರು. ಹೆಡ್‌ಮೇಡಂಗೆ ಎಲ್ಲ ಅರ್ಥವಾಯಿತು, ಅಂದರೆ ಎಲ್ಲ ತಪ್ಪಾಗಿ ಅರ್ಥವಾಯಿತು. ಕಟ್ಟಡದಲ್ಲಿ ಇವರ ನಾಯಿಗೊಂದೇ ಉಣ್ಣೆ ಇರಬೇಕು, ಸಭೆಯಲ್ಲಿ ಇವರೊಬ್ಬರೇ ಮೆರೆಯಬೇಕು, ಅದಕ್ಕೇ ಈ ಓಟ ಎಂದುಕೊಂಡರು. ಇಷ್ಟು ಸಣ್ಣ ಬುದ್ಧಿ ಇರಬಾರದು ಎಂದು ಹೇಳಿ, ಅಡುಗೆಮನೆಯಿಂದ ತಟ್ಟೆ ತಂದರು. ತಟ್ಟೆಯಲ್ಲಿ ಬ್ರೆಡ್ಡಿನ ತುಂಡು, ಅದರ ನಡುವೆ ಮಾತ್ರೆ. ಡ್ಯೂಕ್ ನಾಲಿಗೆ ಚಾಚಿ ಎದ್ದು ಬಂತು.

ಇನ್ನು ರೈಲು ಬಿಡಲು ಹಳಿಯೇ ಉಳಿದಿರಲಿಲ್ಲ. "ಮೇಡಂ, ನಮ್ಮದು ಕೋಲಿ ಅಲ್ಲ" ಎಂದು ವಿಚಾರಣೆಯವರು ಗಂಟಲು ಹರಿದು ಹೋಗುವಂತೆ ಕೂಗಿದರು. "ಬಸ್ ಸ್ಟ್ಯಾಂಡಿನ ನಾಯಿ. ನಾನು ಸುಳ್ಳು ಹೇಳ್ದೆ."

ಕೂಗಿಗೆ ಸುತ್ತಲಿನ ಬಾಗಿಲುಗಳು ತೆರೆದವು. ಎದುರು ಮನೆಯಿಂದಲೇ ಅಧ್ಯಕ್ಷರು ಹೊರಬಂದರು, ಅವರ ಹಿಂದೆ ಮುತ್ತುವನ್ನೆತ್ತಿಕೊಂಡು ಅವರ ಹೆಂಡತಿ. ವಿಚಾರಣೆಯವರು ಹೇಳಿದ್ದನ್ನೇ ಮತ್ತೆ ಹೇಳಿದರು. ದುರದೃಷ್ಟ ನೋಡಿ, ಅವರು ಹೇಳಿದ ಸುಳ್ಳನ್ನು ತಿಂಗಳುಗಟ್ಟಲೆ ನಂಬಿದ ಜನ ನಿಜವನ್ನು ಒಂದು ನಿಮಿಷವೂ ನಂಬಲಿಲ್ಲ. ಕೋಲಿಯಲ್ಲದಿದ್ದರೆ ಉಣ್ಣೆ ಹೇಗೆ ಬಂತು ಎಂದು ಅಧ್ಯಕ್ಷರು ಕೇಳಿದರು.

"ಅದು ಹುಳ ಸಾರ್."

"ಹುಳ ಎಲ್ಲಿದೆ?"

"ಉಣ್ಣೆ ಅಂದ್ರೇನೇ ಹುಳ ಸಾರ್. ಮೈಗೆ ಕಚ್ಚಿಕೊಳ್ಳೋ ಉಣ್ಣೆ."

ಅಧ್ಯಕ್ಷರು ಕರುಣೆಯಿಂದ ಅವರ ಹೆಗಲ ಮೇಲೆ ಕೈಯಿಟ್ಟರು. ಇವರ ತಲೆಗೆ ಯಾರೋ ಹುಳ ಬಿಟ್ಟಿದ್ದಾರೆ ಎಂದು ನೆರೆದವರಿಗೆ ತಿಳಿಸಿದರು. ಟಿಕೆಟ್‌ನನ್ನು ಎತ್ತಿಕೊಂಡು ಓಡಿಬಂದ ಹೆಂಡತಿ ಗಂಡ ಹೇಳುತ್ತಿರುವುದು ನಿಜ ಎಂದು ಎಷ್ಟು ಹೇಳಿದರೂ, ಪಾಪ, ಗಂಡನ ಮಾನ ಉಳಿಸಲು ನೋಡುತ್ತಿದ್ದಾಳೆ ಎಂದು ಹೆಂಗಸರು ಪಿಸುಗುಟ್ಟಿದರು. ನಾಯಿಯ ಬೋಳು ಮೈಯನ್ನು ನೋಡಿ, ಇವತ್ತಿನ ಉಣ್ಣೆಯನ್ನು ಆಗಲೇ ಕಿತ್ತಾಗಿದೆ ಎಂದರು ಅಧ್ಯಕ್ಷರು. ಕಾವಲುಗಾರ ನೀರು ತಂದುಕೊಟ್ಟು, ಬಿಸಿಲಲ್ಲಿ ಓಡಬಾರದಿತ್ತು ಸಾರ್ ಎಂದ.

ಈ ಗದ್ದಲದಲ್ಲಿ ಯಾರೋ ಹೆಡ್‌ಮೇಡಂ ಬಾಗಿಲಿನ ಸರಪಳಿ ತೆಗೆಸಿದ್ದರು. ಹೆಡ್‌ಮೇಡಂ ಬೇಸತ್ತು, ಇದೆಲ್ಲ ಮುಗಿಯಲೆಂದು ಬ್ರೆಡ್ಡಿನ ತುಂಡನ್ನು ಡ್ಯೂಕ್‌ನ ಮೂಗಿನ ಮುಂದೆ ಹಿಡಿದರು. ಡ್ಯೂಕ್ ಬಾಯಿ ತೆರೆಯಿತು. ವಿಚಾರಣೆಯವರು ಅಧ್ಯಕ್ಷರ ಕೈಯಿಂದ ಜಾರಿ ಒಳಗೆ ನುಗ್ಗಿ ಆ ತುಂಡನ್ನು ಕಿತ್ತುಕೊಂಡರು. ಡ್ಯೂಕ್ ಬಿಟ್ಟೀತೇ? ಎರಡೂ ಮುಂಗಾಲನ್ನು ಅವರ ಎದೆಯ ಮೇಲಿಟ್ಟು ನಿಂತುಬಿಟ್ಟಿತು. ಅವರ ಕನ್ನಡಕ ಹಾರಿ ಸೋಫಾದ ಕೆಳಗೆ ಹೋಯಿತು. ಕೈ ಮೇಲೆತ್ತಿದರೆ ನಾಯಿಯ ಬಾಯಿ ಅಲ್ಲಿಗೂ ಬಂತು. ಕೆಳಗೆ ಹಾಕುವಂತಿಲ್ಲ, ಜೇಬಿಗೆ ಹಾಕಿದರೆ ಜೇಬು ಉಳಿಯುವುದಿಲ್ಲ. ಆ ಕ್ಷಣಕ್ಕೆ ಡ್ಯೂಕ್ ತಲುಪಲಾಗದ ಜಾಗ ಆ ಕೋಣೆಯಲ್ಲಿ ಒಂದೇ ಇತ್ತು. ವಿಚಾರಣೆಯವರು ಬ್ರೆಡ್ಡನ್ನು ತಮ್ಮ ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟರು.

ಡ್ಯೂಕ್ ಅವರ ಗಲ್ಲವನ್ನೊಮ್ಮೆ ನೆಕ್ಕಿ ನೋಡಿತು.

ಮೊದಲು ಅತ್ತವಳು ಹೆಂಡತಿ. ಕಾವಲುಗಾರ ಓಡಿಹೋಗಿ, ಪಕ್ಕದ ರಸ್ತೆಯಿಂದ ನಾಯಿ ಡಾಕ್ಟರನ್ನು ಭಾನುವಾರದ ಊಟದಿಂದ ಎಬ್ಬಿಸಿಕೊಂಡು ಬಂದ. ಅವರು ಬರುವ ತನಕ ಜನರೇ ವೈದ್ಯರಾದರು. ವಿಚಾರಣೆಯವರನ್ನು ಸೋಫಾದಲ್ಲಿ ಕೂರಿಸಿ, ಅವರ ಕೈಯಲ್ಲೇ ಮುದುಡಿಕೊಂಡಿದ್ದ ಕಾಗದವನ್ನು ಬಿಡಿಸಿ, ಅಧ್ಯಕ್ಷರು ಗಟ್ಟಿಯಾಗಿ ಓದತೊಡಗಿದರು. ಜೊಲ್ಲು ಎಂದರು. ಮಾತ್ರೆಯ ಕಹಿಗೆ ವಿಚಾರಣೆಯವರ ಬಾಯಲ್ಲಿ ನೀರೂರಿ ಸುರಿಯುತ್ತಿತ್ತು. ತೂರಾಟ ಎಂದರು. ಬಾಯಿ ತೊಳೆಯಲೆಂದು ಎದ್ದ ವಿಚಾರಣೆಯವರು ಡ್ಯೂಕ್ ಮಲಗುವ ಕಂಬಳಿಗೆ ಕಾಲು ತೊಡರಿ ತೂರಾಡಿದರು. ಕಣ್ಣು ಕಾಣದಿರುವುದು ಎಂದರು. ಕನ್ನಡಕವಿಲ್ಲದ ವಿಚಾರಣೆಯವರು ಬಾಗಿಲೆಂದು ತಿಳಿದು ಬಟ್ಟೆಯ ಬೀರುವನ್ನು ತೆರೆದರು. ಮುಂದಿನದನ್ನು ಓದಬೇಡಿ ಎಂದು ಹೆಂಗಸರು ಅಧ್ಯಕ್ಷರ ಕೈಯಿಂದ ಕಾಗದ ಕಿತ್ತುಕೊಂಡರು.

ಡಾಕ್ಟರು ಬಂದು ಎಲ್ಲ ಕೇಳಿಕೊಂಡರು. ಅವರು ನಿಧಾನದ ಮನುಷ್ಯ, ಮಾತಾಡದ ರೋಗಿಗಳ ಜೊತೆ ಬಾಳಿದವರು. ಮನುಷ್ಯರ ಡಾಕ್ಟರಾದ ಸ್ನೇಹಿತರೊಬ್ಬರಿಗೆ ಫೋನು ಮಾಡಿ ಮಾತ್ರೆಯ ಹೆಸರು ಹೇಳಿದರು. ನಾಯಿಯ ತೂಕಕ್ಕೆ ಮಾಡಿದ ಮಾತ್ರೆ, ಇಷ್ಟು ದೊಡ್ಡ ಮೈಗೆ ಏನೂ ಸಾಲದು, ಗಾಬರಿ ಬೇಡ, ಸ್ವಲ್ಪ ಹೊತ್ತು ಕಣ್ಣಿಟ್ಟಿರಿ ಎಂದು ಅವರು ಹೇಳಿದರಂತೆ. ಹೆಂಡತಿ ನಿಟ್ಟುಸಿರು ಬಿಟ್ಟು ಗಂಡನ ಪಕ್ಕ ಕೂತಳು. ಟಿಕೆಟ್ ಇಬ್ಬರ ನಡುವೆ ತೂರಿಕೊಂಡಿತು. ಡಾಕ್ಟರು ಅದರ ಕಿವಿಯೊಳಗೆ ಬೆರಳು ಹಾಕಿ ಒಂದು ಹುಳ ತೆಗೆದು, ಉಣ್ಣೆ ಇನ್ನೂ ಪೂರ್ತಿ ಹೋಗಿಲ್ಲ ಎಂದು ಅಧ್ಯಕ್ಷರ ಅಂಗೈ ಮೇಲಿಟ್ಟರು.

ಅಧ್ಯಕ್ಷರು ತಮ್ಮ ಮಫ್ಲರನ್ನು ಬಹಳ ಹೊತ್ತು ನೋಡಿದರು. ಅದು ಅಂಗೈ ಮೇಲೆ ನಡೆಯತೊಡಗಿದಾಗ ಕೊಡವಿದರು. ಆಗ ಅವರಿಗೆ ಒಂದೊಂದೇ ಹೊಳೆಯಿತು. ಹೊಳೆದ ಹಾಗೆಲ್ಲ ಮುಖ ಕೆಂಪಾಯಿತು. ಹಾಗಾದರೆ ಇದು ನಿಜವಾಗಿ ಕೋಲಿಯಲ್ಲವೇ ಎಂದು ಕೇಳಿದರು.

"ಅಲ್ಲ ಸಾರ್" ಎಂದರು ವಿಚಾರಣೆಯವರು. "ಯಾವ ತಳಿ ಅಂತ ನನಗೆ ಗೊತ್ತಿಲ್ಲ."

ಕನಿಕರವಿದೆ, ಆದರೆ ನಿಯಮ ನಿಯಮವೇ ಎಂದು ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. ನಾಳೆಯೊಳಗೆ ನಾಯಿ ಕಟ್ಟಡ ಬಿಡಬೇಕು. ಹೆಂಡತಿ ಟಿಕೆಟ್‌ನನ್ನು ಮಡಿಲಿಗೆ ಎಳೆದುಕೊಂಡು ಅದರ ನಿಂತ ಕಿವಿಯನ್ನೂ ಮಲಗಿದ ಕಿವಿಯನ್ನೂ ಸವರುತ್ತಿದ್ದಳು. ಅವಳ ಕಣ್ಣೀರು ಅದರ ನೆತ್ತಿಯ ಮೇಲೆ ಬೀಳುತ್ತಿತ್ತು. ನೋಡುತ್ತಿದ್ದವರಲ್ಲಿ ಕೆಲವರಿಗೆ ನಿಜವಾಗಿ ಸಂಕಟವಾಯಿತು, ಆದರೆ ಅಧ್ಯಕ್ಷರ ಮುಂದೆ ಬಾಯಿ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಆಗ ಹೆಡ್‌ಮೇಡಂ ಎದ್ದು ನಿಂತರು. ಇಷ್ಟು ಹೊತ್ತೂ ಅವರು ಮೂಲೆಯ ಕುರ್ಚಿಯಲ್ಲಿ ತಟ್ಟೆ ಹಿಡಿದುಕೊಂಡೇ ಕೂತಿದ್ದರು. "ನಮ್ಮ ಡ್ಯೂಕ್ ಕೂಡ ಕೋಲಿ ಅಲ್ಲ" ಎಂದರು.

ವಿಚಾರಣೆಯವರು ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಅವರತ್ತ ನೋಡಿದರು. ಹೆಡ್‌ಮೇಡಂ ತರಗತಿಯ ಮುಂದೆ ನಿಂತಂತೆ ನೆಟ್ಟಗೆ ನಿಂತು ಎಲ್ಲ ಹೇಳಿದರು. ಡ್ಯೂಕ್ ಶಾಲೆಯ ಹಿಂದಿನ ಮೈದಾನದಲ್ಲಿ ಸಿಕ್ಕ ಮರಿ. ಉದ್ದ ಕೂದಲು ಅದರ ಪುಣ್ಯ. ಬೋರ್ಡು ಬಂದ ದಿನ ಪುಸ್ತಕದ ಚಿತ್ರವೊಂದರಲ್ಲಿ ಅಂಥದ್ದೇ ಕೂದಲು ಕಂಡು ಕೋಲಿ ಎಂದುಬಿಟ್ಟರು. ನಿಜವಾದ ಕೋಲಿಯವರು ಕಟ್ಟಡಕ್ಕೆ ಬಂದಿದ್ದಾರೆಂದು ಕೇಳಿದಾಗಿನಿಂದ ಅವರಿಗೆ ಹೊಟ್ಟೆಗೆ ಅನ್ನ ಸೇರಿರಲಿಲ್ಲ. ಎಲ್ಲಿ ಗುರುತು ಹಿಡಿದುಬಿಡುತ್ತಾರೋ ಎಂದು ಕಂಡಾಗಲೆಲ್ಲ ರಸ್ತೆ ದಾಟುತ್ತಿದ್ದರು. ಕೂದಲು ಉದುರತೊಡಗಿದಾಗ ಇನ್ನು ಮುಗಿಯಿತು ಎಂದುಕೊಂಡಿದ್ದರು.

"ಈ ಮನುಷ್ಯ ನನ್ನ ನಾಯಿ ಉಳಿಸೋಕೆ ತನ್ನ ನಾಯೀನೂ ಬಿಟ್ಟ, ವಿಷ ಅಂತ ತಿಳಿದೂ ನುಂಗಿದ" ಎಂದರು. "ಇನ್ನೂ ನಾನು ಸುಳ್ಳು ಹೇಳ್ತಾ ಕೂತ್ರೆ, ಇಷ್ಟು ವರ್ಷ ಮಕ್ಕಳ ಮುಂದೆ ನಿಂತಿದ್ದಕ್ಕೆ ಅರ್ಥ ಇಲ್ಲ."

ವಿಚಾರಣೆಯವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಲಿಯಲ್ಲದ ನಾಯಿಗಾಗಿ ಕೋಲಿಗೆ ಕೊಡಬಾರದ ಮಾತ್ರೆ ನುಂಗಿದ ಮೊದಲ ಮನುಷ್ಯ ತಾವೇ ಇರಬೇಕು ಎಂದು ಅವರಿಗೆ ಒಂದು ಸಣ್ಣ ಹೆಮ್ಮೆಯೂ ಬಂತು. ಹೆಡ್‌ಮೇಡಂ ಹತ್ತಿರ ಬಂದು ಅವರ ಕನ್ನಡಕವನ್ನು ಸೋಫಾದ ಕೆಳಗಿನಿಂದ ತೆಗೆದು, ಸೆರಗಿನಲ್ಲಿ ಒರೆಸಿ ಕೊಟ್ಟರು.

ಅಧ್ಯಕ್ಷರಿಗೆ ಮಾತ್ರ ಇದು ಸಹಿಸಲಾಗಲಿಲ್ಲ. ಅವರ ಕಟ್ಟಡದಲ್ಲಿ ಒಂದೇ ಮಧ್ಯಾಹ್ನ ಎರಡು ಕೋಲಿಗಳು ಮಾಯವಾಗಿದ್ದವು. ನಿನ್ನೆಯವರೆಗೆ ಸರಿಯಾಗಿದ್ದ ಜನ ಹೀಗೆ ಒಬ್ಬರಾದ ಮೇಲೊಬ್ಬರು ಬಾಯಿ ಬಿಡುತ್ತಿದ್ದಾರಲ್ಲ, ಇದೂ ಆ ಮಾತ್ರೆಯ ಅಡ್ಡ ಪರಿಣಾಮವೇ ಎಂದು ಡಾಕ್ಟರನ್ನು ಕೇಳಿದರು. ಡಾಕ್ಟರು ಕಾಗದವನ್ನು ತಿರುಗಿಸಿ ಮುರುಗಿಸಿ ಓದಿದರು.

"ನಿಜ ಹೇಳೋದು ಇಲ್ಲೀವರೆಗೆ ಎಲ್ಲೂ ವರದಿಯಾಗಿಲ್ಲ" ಎಂದರು ಗಂಭೀರವಾಗಿ.

ವರದಿಯಾಗಲಿ ಬಿಡಲಿ, ತಳಿಯಲ್ಲಿ ರಾಜಿಯಿಲ್ಲ, ಎರಡು ನಾಯಿಗಳೂ ಹೊರಗೆ ಎಂದು ಅಧ್ಯಕ್ಷರು ದನಿ ಏರಿಸಿದರು. ಕುಲ ಗೊತ್ತಿಲ್ಲದ ನಾಯಿಯನ್ನು ಉತ್ತಮ ತಳಿಯೆಂದು ಹೇಳಿ ಜನರ ಕಣ್ಣಿಗೆ ಮಣ್ಣೆರಚುವವರಿಗೆ ಈ ಕಟ್ಟಡದಲ್ಲಿ ಜಾಗವಿಲ್ಲ ಎಂದರು. ಮಾತು ಇನ್ನೂ ಮುಂದುವರಿಯುತ್ತಿತ್ತೋ ಏನೋ, ಅಷ್ಟರಲ್ಲಿ ಅವರ ಹೆಂಡತಿ ಮುಂದೆ ಬಂದಳು. ಮುತ್ತುವನ್ನು ಈ ತೋಳಿನಿಂದ ಆ ತೋಳಿಗೆ ಬದಲಾಯಿಸಿಕೊಂಡು, ಅದರ ಬೆನ್ನು ಸವರುತ್ತ, ಬಹಳ ಮೆಲ್ಲಗೆ ಮಾತಾಡಿದಳು.

"ಡಾಕ್ಟ್ರೇ, ಆ ಮಾತ್ರೆ ಇನ್ನೊಂದಿದ್ರೆ ನಮ್ಮ ಮನೆಯವರಿಗೂ ಕೊಡಿ."

ಅಧ್ಯಕ್ಷರು ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡರು.